ನಡುಗದ ಬಂಡೆ

ಹಲ್ಲಿನ ಡಾಕ್ಟರು ಎರಡನೇ ಸಲವೂ ಅಕ್ಕನಿಗೆ ಫೋಟೋ ವಾಪಸ್ ಕೊಟ್ಟರು.

"ನೀರು ಹಾಲಿನ ಹಾಗಿದೆ, ಚೆನ್ನಾಗಿದೆ. ಆದ್ರೆ ಬಂಡೆ ನಡುಗ್ತಿದೆಯಲ್ಲಮ್ಮ. ನನ್ನ ಹತ್ರ ಬರೋರು ಮೊದಲೇ ನಡುಗ್ತಿರ್ತಾರೆ."

ಇನ್ನೊಂದು ಸಲ ನೋಡೋಣ, ಆಗದಿದ್ದರೆ ಕ್ಲಿನಿಕ್ಕಿನ ಆ ಗೋಡೆಗೆ ಗಡಿಯಾರ ಹಾಕುತ್ತೇನೆ ಎಂದರು.

ಅಕ್ಕ ಸ್ಟುಡಿಯೋದಲ್ಲಿ ತೆಗೆಯುತ್ತಿದ್ದುದೆಲ್ಲ ಪಾಸ್‌ಪೋರ್ಟ್ ಸೈಜಿನ ಮುಖಗಳು. ಅವಳ ಒಂದು ಫೋಟೋವೂ ಇದುವರೆಗೆ ಗೋಡೆ ಕಂಡಿರಲಿಲ್ಲ. ಗಡಿಯಾರಕ್ಕೆ ಸೋಲಲು ಅವಳು ತಯಾರಿರಲಿಲ್ಲ.

ಮರುದಿನ ತಮ್ಮನನ್ನು ಎಳೆದುಕೊಂಡು ಸಮುದ್ರದ ಬಂಡೆಗಳ ಮೇಲೆ ಹೋದಳು. ತಮ್ಮನಿಗೆ ಅವಳಿಟ್ಟ ಹೆಸರು ಗೂಟ. ಒಂದು ಕೈಯಲ್ಲಿ ಕ್ಯಾಮೆರಾ ಸ್ಟ್ಯಾಂಡು, ಇನ್ನೊಂದರಲ್ಲಿ ಅಂಚಿಗೆ ಬಗ್ಗಿದ ಅಕ್ಕನ ಸೊಂಟದ ಬೆಲ್ಟು ಹಿಡಿದು ನಿಲ್ಲುವುದು ಅವನ ಕೆಲಸ. ಕಾಲ ಕೆಳಗೆ ಪಾಚಿ. ಇಬ್ಬರಿಗೂ ಈಜು ಬರದು. ನೀರು ಏರುತ್ತಿತ್ತು; ಕೆಳಗಿನ ಬಂಡೆ ಆಗಲೇ ಮುಳುಗಿತ್ತು.

"ಸಾಕು ಬಾರೇ ಅಕ್ಕ, ನೀರು ಮೇಲೆ ಬರ್ತಿದೆ."

"ಬರ್ಲಿ. ನಿನಗೇನು ಹೆಣ್ಣು ಕೊಡೋಕೆ ಬರ್ತಿಲ್ಲ. ಸ್ಟ್ಯಾಂಡ್ ಮಾತ್ರ ಬಿಡ್ಬೇಡ."

ಲೆನ್ಸಿನ ಮುಂದೆ ಕಪ್ಪು ಗಾಜು ಹಾಕಿದರೆ ಕ್ಯಾಮೆರಾದೊಳಗೆ ಬೆಳಕು ನಿಧಾನವಾಗಿ ಇಳಿಯುತ್ತದೆ; ಒಂದು ಫೋಟೋಗೆ ಮೂರ್ನಾಲ್ಕು ನಿಮಿಷ ಬೇಕು. ಅಷ್ಟು ಹೊತ್ತು ಅಲ್ಲಾಡಿದ ನೀರು ಮಂಜಾಗಬೇಕು, ಬಂಡೆ ಬಂಡೆಯಾಗಿ ಉಳಿಯಬೇಕು. ಸ್ಟ್ಯಾಂಡಿಗೆ ಕಲ್ಲಿನ ಚೀಲ ಕಟ್ಟಿದ್ದಾಯಿತು, ಅದರ ಕಾಲು ಗಿಡ್ಡ ಮಾಡಿದ್ದಾಯಿತು. ಫೋಟೋದಲ್ಲಿ ಬಂಡೆಯ ಅಂಚು ಮತ್ತೆ ಎರಡೆರಡಾಗಿಯೇ ಬಂತು.

ಅವಳು ಮೊದಲ ಬಾರಿಗೆ ತಮ್ಮನ ಕೈ ನೋಡಿದಳು. ಸ್ಟ್ಯಾಂಡು ಹಿಡಿದ ಬೆರಳುಗಳು ಸಣ್ಣಗೆ ನಡುಗುತ್ತಿದ್ದವು.

"ಎಲಾ ಗೂಟ. ನಡುಗ್ತಿರೋದು ನೀನಾ?"

"ಚಳಿ."

"ಚಳಿಯಂತೆ. ಹಣೆ ಬೆವರು ಒರೆಸ್ಕೋ."

ಅವಳು ಮತ್ತೆ ಬಗ್ಗಿ ಬಟನ್ ಒತ್ತಿದಳು. "ಬಿಡು," ಎಂದಳು.

ಅವಳು ಬಿಡು ಎಂದದ್ದು ಸ್ಟ್ಯಾಂಡನ್ನು. ಬೆಳಗಿನಿಂದ ಸ್ಟ್ಯಾಂಡ್ ಬಿಡಬೇಡ ಎಂದೇ ಕೇಳಿಸಿಕೊಂಡಿದ್ದ ಅವನು ಬಿಟ್ಟಿದ್ದು ಬೆಲ್ಟನ್ನು.

ಅವಳು ಲೆನ್ಸಿನ ಎದುರಿನ ನೀರಿಗೇ ಬಿದ್ದಳು. ತಮ್ಮ ಸ್ಟ್ಯಾಂಡನ್ನೂ ಬಿಟ್ಟು ಬೋರಲಾಗಿ ಮಲಗಿ ಕೈ ಚಾಚಿದ. ಅಲೆ ಅವಳನ್ನು ಆಚೆ ಎಳೆಯಿತು. ತಲೆ ಕಾಣಿಸಲಿಲ್ಲ. ಮುಂದಿನ ಅಲೆ ಅವಳನ್ನು ತಂದು ಬಂಡೆಗೆ ಅಪ್ಪಳಿಸಿದಾಗ ಬೆಲ್ಟು ಕೈಗೆ ಸಿಕ್ಕಿತು. ಎಳೆದುಹಾಕಿದ. ಅವಳ ಮಂಡಿಯ ಚರ್ಮ ಕಿತ್ತುಹೋಗಿತ್ತು.

"ಸ್ಟ್ಯಾಂಡ್ ಮುಟ್ಬೇಡ," ಎಂದಳು ಕೆಮ್ಮುತ್ತ. ಸ್ವಲ್ಪ ಹೊತ್ತಿಗೆ ಕ್ಯಾಮೆರಾ ಟಿಕ್ ಎಂದಿತು; ಬೀಳುವ ಮೊದಲು ಒತ್ತಿದ್ದ ಫೋಟೋ ಆಗ ಮುಗಿಯಿತು.

ಬಂಡೆಯ ಅಂಚು ಕತ್ತಿಯ ಹಾಗೆ ಬಂದಿತ್ತು. ಸುತ್ತ ಬಿಳಿ ಮಂಜು.

"ನೋಡಿದ್ರೇನೇ ಸಮಾಧಾನ ಆಗುತ್ತೆ," ಎಂದರು ಡಾಕ್ಟರು.

ಕ್ಲಿನಿಕ್ಕಿನಲ್ಲಿ ಅಕ್ಕ ಸ್ಟೂಲು ಹತ್ತಿ ಫೋಟೋ ತೂಗುಹಾಕುತ್ತಿದ್ದಳು. ಸ್ಟೂಲು ಹಿಡಿದ ತಮ್ಮ ಫೋಟೋದಲ್ಲಿ ಅವಳು ಬಿದ್ದ ಜಾಗವನ್ನೇ ಹುಡುಕುತ್ತಿದ್ದ.

"ನೀನು ಇದ್ರಲ್ಲಿ ಎಲ್ಲೂ ಇಲ್ಲ."

"ಅಲ್ಲಾಡಿದ್ದು ಬರಲ್ಲ ಕಣೋ. ಬಂದಿದ್ರೆ ಡಾಕ್ಟ್ರು ಇದನ್ನೂ ವಾಪಸ್ ಕೊಡ್ತಿದ್ರು."

"ನಾನು ಕೈಬಿಟ್ಟೆ."

"ಬಿಡೋ ಈಗ," ಎಂದಳು ಅಕ್ಕ.

ಅವನು ಸ್ಟೂಲನ್ನು ಇನ್ನೂ ಬಿಗಿಯಾಗಿ ಹಿಡಿದುಕೊಂಡ.

"ಯಾವುದನ್ನ?"