ನ್ಯಾಮತಿಯ ಸೆನೆಟ್ ಮೆಂಬರು

ನ್ಯಾಮತಿಯ ಬೆಲ್ಲದ ಮಂಡಿಯ ಅಲ್ಲಾಬಕ್ಷ್ ಸಾಹೇಬರನ್ನು ವಿಶ್ವವಿದ್ಯಾನಿಲಯದ ಆಡಳಿತ ಸಭೆಯಾದ ಸೆನೆಟ್ಟಿಗೆ ನೇಮಿಸಿದ್ದು ದೊಡ್ಡ ಯುದ್ಧ ನಡೆಯುತ್ತಿದ್ದ ಕಾಲದಲ್ಲಿ. ಸಂಬಳವಿಲ್ಲದ ಕೆಲಸ. ವರ್ತಕರ ಪರವಾಗಿ ಒಬ್ಬರಿರಲಿ ಅಂತ ಅಮಲ್ದಾರರು ಇವರ ಹೆಸರು ಕಳಿಸಿದ್ದರು. ಊರವರು ಹಾರ ಹಾಕಿದರು. "ಕಾಲೇಜಿನ ಮೆಟ್ಲು ಹತ್ತಿದೋನಲ್ಲ ನಾನು, ಅಲ್ಲೇನು ಮಾಡ್ಲಿ?" ಎಂದು ಸಾಹೇಬರು ಮುಜುಗರಪಟ್ಟರೂ ಒಳಗೊಳಗೇ ಹಿಗ್ಗಿದರು.

ಆ ಹಿಗ್ಗು ಮೊದಲ ಸಭೆಗೇ ಇಳಿಯಿತು. ಪೆಟ್ರೋಲು ಸಿಗದೆ ಇದ್ದಿಲ ಗ್ಯಾಸಿನಲ್ಲಿ ಓಡುತ್ತಿದ್ದ ಬಸ್ಸಿನಲ್ಲಿ ಶಿವಮೊಗ್ಗ, ಅಲ್ಲಿಂದ ರೈಲು. ಮೈಯೆಲ್ಲ ಮಸಿ ಮಾಡಿಕೊಂಡು ಹೋಗಿ ಕೂತರೆ, ಘಟಿಕೋತ್ಸವದ ಗೌನಿನ ಅಂಚು ಕೆಂಪಿರಬೇಕೋ ಕಿರಮಂಜಿ ಇರಬೇಕೋ ಎಂದು ಪ್ರೊಫೆಸರುಗಳು ಇಂಗ್ಲಿಷಿನಲ್ಲಿ ಜಗಳಾಡುತ್ತಿದ್ದರು. ಪಕ್ಕದಲ್ಲಿ ಜಗಳೂರಿನ ಜಮೀನ್ದಾರ ತಿಪ್ಪೇರುದ್ರಸ್ವಾಮಿ, ಇವರಂತೆಯೇ ಹೊರಗಿನಿಂದ ನೇಮಕವಾದವರು, ಕೈಕಟ್ಟಿ ನಿದ್ದೆ ಹೊಡೆಯುತ್ತಿದ್ದರು.

ಸಾಹೇಬರಿಗೆ ಕೇಳಬೇಕಾದದ್ದು ಒಂದೇ ಇತ್ತು. ಮಂಡಿಯ ಎದುರಿನ ಹೆಣ್ಣುಮಕ್ಕಳ ಸ್ಕೂಲಿನ ಟೀಚರು ಉಚ್ಚಂಗೆಮ್ಮ, ಗಂಡ ತೀರಿಕೊಂಡ ಮೇಲೆ ಮನೆಯಲ್ಲೇ ಓದಿ ಇಂಟರ್‌ಮೀಡಿಯೆಟ್ ಕಟ್ಟಿದ್ದಳು. ಬರೆಯಲು ವಿಶ್ವವಿದ್ಯಾನಿಲಯವಿದ್ದ ದೂರದ ನಗರಕ್ಕೇ ಹೋಗಬೇಕು. ಹಿಂದಿನ ವರ್ಷ ಬಸ್ಸು ದಾರಿಯಲ್ಲಿ ಕೆಟ್ಟು, ರೈಲು ತಪ್ಪಿ, ಆಕೆ ಮುಟ್ಟುವ ಹೊತ್ತಿಗೆ ಪರೀಕ್ಷೆಯ ಬಾಗಿಲು ಹಾಕಿತ್ತು.

"ಹೊನ್ನಾಳಿಯಾಗೆ ಒಂದು ಪರೀಕ್ಷೆ ಸೆಂಟರು ಕೊಡಿಸ್ರಿ ಸಾಹುಕಾರ್ರೆ. ಚನ್ನಗಿರಿ ಕಡೆಯಿಂದ್ಲೂ ಕಟ್ಟೋ ಹೆಂಗಸ್ರು ಅದಾರೆ. ನೀವು ಅಲ್ಲಿ ಕೂತೂ ಇಷ್ಟಾಗಲ್ಲ ಅಂದ್ರೆ ಹೆಂಗೆ?" ಎಂದು ಮುಖಕ್ಕೆ ಹೊಡೆದಂತೆ ಕೇಳಿದ್ದಳು.

ಸಾಹೇಬರು ವಿಷಯ ಬರೆಸಿ ಕಳಿಸಿದರು. ಪ್ರತಿ ಸಲವೂ ಅದು ಕಾರ್ಯಸೂಚಿಯ ಕೊನೆಗೆ ಬೀಳುತ್ತಿತ್ತು. ಅಲ್ಲಿಗೆ ಬರುವಷ್ಟರಲ್ಲಿ ಅಧ್ಯಕ್ಷರು ಗಡಿಯಾರ ನೋಡಿ, "ಹೊತ್ತಾಯಿತು, ಮುಂದಿನ ಸಭೆಗೆ ಇಟ್ಟುಕೊಳ್ಳೋಣ" ಎನ್ನುತ್ತಿದ್ದರು. ಮನೆಗೆ ಬಂದರೆ ಹೆಂಡತಿ ಸೈದಾಬೀ, "ಈ ಸಲನಾದ್ರೂ ಬಾಯಿ ಬಿಟ್ರೋ ಇಲ್ವೋ?" ಅನ್ನುವಳು. ಉಚ್ಚಂಗೆಮ್ಮ ಬರುವುದು ಕಂಡರೆ ಸಾಹೇಬರು ಬೆಲ್ಲದ ಪೆಂಟೆಗಳ ರಾಶಿಯ ಹಿಂದೆ ಸರಿಯುವಂತಾಯಿತು.

ಒಂದು ಮಳೆಗಾಲದ ಸಭೆ. ಬಂದವರೇ ಕಡಿಮೆ. ಆವತ್ತೂ ಗೌನೇ. ಊಟವಾದ ಮೇಲೂ ಗೌನೇ. ನೇರಳೆ ಬಣ್ಣ ಯಾಕಾಗಬಾರದು ಎಂದು ಒಬ್ಬರು ಹೊಸದಾಗಿ ಶುರುಮಾಡಿದಾಗ ಸಾಹೇಬರ ತಾಳ್ಮೆ ಕಿತ್ತುಹೋಯಿತು. ಕೊಡೆ ತಗೊಂಡು ಎದ್ದರು.

"ಎಲ್ಲಿಗೆ ಹೊರಟಿರಿ?" ಅಂದರು ಅಧ್ಯಕ್ಷರು.

"ಊರಿಗೆ. ಬಣ್ಣ ಆರಿಸಾಕೆ ನಾನ್ಯಾಕೆ ಬೇಕು ಸ್ವಾಮಿ?"

ವರಾಂಡ ದಾಟುವಷ್ಟರಲ್ಲಿ ರಿಜಿಸ್ಟ್ರಾರರು ಏದುಸಿರು ಬಿಡುತ್ತಾ ಓಡಿ ಬಂದರು. "ದಯವಿಟ್ಟು ಬನ್ನಿ ಸಾಹೇಬರೇ. ಸಭೆಗೆ ಇಷ್ಟು ಜನ ಇರಲೇಬೇಕು ಅಂತ ನಿಯಮ. ನೀವು ಹೋದರೆ ಕೋರಂ ಮುರಿಯುತ್ತೆ, ಇವತ್ತಿನ ಸಭೆಯೇ ನಿಲ್ಲುತ್ತೆ."

ಸಾಹೇಬರು ತಿರುಗಿ ನಿಂತರು. "ಗೌನೂ ನಿಲ್ತೈತಾ?"

"ಎಲ್ಲಾ ನಿಲ್ಲುತ್ತೆ."

"ಹಂಗಾದ್ರೆ ಮೊದ್ಲು ನಮ್ಮ ಹೊನ್ನಾಳಿ ತಗೊಳ್ರಿ. ಆಮೇಲೆ ಕಾಮನಬಿಲ್ಲಿನ ಬಣ್ಣ ಅಷ್ಟೂ ಹಚ್ಕೊಳ್ರಿ, ಕೂತಿರ್ತೀನಿ."

ರಿಜಿಸ್ಟ್ರಾರರು ಹೋಗಿ ಇದನ್ನು ಹೇಳಿದಾಗ ಒಳಗೆ ಗುಸುಗುಸು ಎದ್ದಿತು. ಇದು ಸಭ್ಯರ ರೀತಿಯಲ್ಲ ಎಂದು ಪ್ರೊಫೆಸರೊಬ್ಬರು ಗೊಣಗಿದರು. ಅಷ್ಟರಲ್ಲಿ ಎಚ್ಚರಾದ ತಿಪ್ಪೇರುದ್ರಸ್ವಾಮಿ ಶಲ್ಯ ಕೊಡವಿ, "ನಾನೂ ಏಳ್ಲೇನ್ರಿ?" ಅಂದರು. ಗೊಣಗಾಟ ನಿಂತಿತು. ಕಾಫಿ ಬರುವುದರೊಳಗೆ ಹೊನ್ನಾಳಿಗೆ ಕೇಂದ್ರ ಮಂಜೂರಾಯಿತು. ಯಾರೊಬ್ಬರೂ ವಿರೋಧಿಸಲಿಲ್ಲ.

ಗೆದ್ದ ಖುಷಿಗಿಂತ ಸಾಹೇಬರಿಗೆ ಸಿಟ್ಟೇ ಹೆಚ್ಚಾಯಿತು. ಕಾಫಿ ಬರುವುದರೊಳಗೆ ಆಗುವ ಕೆಲಸಕ್ಕೆ ಇಷ್ಟು ವರ್ಷ ತಿರುಗಿಸಿದರಲ್ಲ! ರೈಲಿನುದ್ದಕ್ಕೂ ಅದೇ ಕುದಿ. ರಾಜೀನಾಮೆ ಕೊಟ್ಟು ಕೈ ತೊಳೆದುಕೊಳ್ಳುವುದೇ ಸರಿ ಅನ್ನಿಸಿತು. ಹೊನ್ನಾಳಿಯ ಪರೀಕ್ಷೆಯೊಂದು ಮುಗಿಯಲಿ ಅಂತ ತಡೆದರು.

ಬೇಸಿಗೆಯಲ್ಲಿ ಪರೀಕ್ಷೆ ಮುಗಿಸಿ ಸಂಜೆಯ ಬಸ್ಸಿನಿಂದ ಇಳಿದ ಉಚ್ಚಂಗೆಮ್ಮ ನೇರ ಮಂಡಿಗೇ ಬಂದಳು. ಸಾಹೇಬರು ಕೈಯಾರೆ ಸ್ಟೂಲು ಎಳೆದು ಹಾಕಿ, "ಹೆಂಗಾತು ತಾಯಿ?" ಅಂದರು.

"ಬರೆಯೋದೇನೋ ಚೆನ್ನಾಗಿ ಬರೆದೆ. ಆದ್ರೆ ಅದೇನ್ರಿ, ಒಂದನೇ ಕ್ಲಾಸಿನ ಮಕ್ಕಳ ಬೆಂಚು ಹಾಕಿದಾರೆ! ಮೊಣಕಾಲು ಎಲ್ಲಿ ಇಟ್ಕೊಳ್ಳೋದು? ಕುಡಿಯಾಕೆ ಹನಿ ನೀರಿಲ್ಲ. ಮುಂದಿನ ಮೀಟಿಂಗ್‌ನಾಗೆ ಕೇಳ್ರಿ."

ಸೆನೆಟ್ಟು ಬಿಡ್ತಾ ಇದೀನಿ ಕಣಮ್ಮ ಅನ್ನುವ ಮಾತು ಸಾಹೇಬರ ನಾಲಿಗೆ ತುದಿಗೆ ಬಂತು. ಆದರೆ ಆಕೆಯ ಬೆರಳಿನ ಶಾಯಿ ಇನ್ನೂ ಮಾಸದೇ ಇದ್ದದ್ದು ಕಣ್ಣಿಗೆ ಬಿತ್ತು.

"ಕೇಳ್ತೀನಿ, ಕೇಳ್ತೀನಿ," ಎಂದು ಗದರಿದಂತೆ ಹೇಳಿ, ಚಾ ಮಾಡಲು ಮಂಡಿಯ ಹಿಂದಿನ ಮನೆಯಲ್ಲಿದ್ದ ಸೈದಾಬೀಗೆ ಕೂಗು ಹಾಕಿದರು.