ಆರು ಔನ್ಸು

"ಎಲ್ಲಿ ಬಚ್ಚಿಟ್ಟಿದ್ದೀಯೇ, ಕಳ್ಳಮುಂಡೆ? ಒದರು ಲಂಗಾನ!"

ಮೇಲ್ವಿಚಾರಕ ಥರ್ಟಲ್ ಕಿರುಚಿದ. ಹೆಪ್ಸಿಯಜ್ಜಿ ಲಂಗ ಒದರಿದಳು. ಉದುರಿದ್ದು ಡಾಂಬರಿನ ಧೂಳು ಮಾತ್ರ.

ನಾರ್ಫಕ್ ಸೀಮೆಯ ಆ ದುಡಿಮೆಮನೆಯಲ್ಲಿ ಗತಿಯಿಲ್ಲದ ಹೆಂಗಸರು ಡಾಂಬರು ಮೆತ್ತಿದ ಹಡಗಿನ ಹಳೆಯ ಹಗ್ಗವನ್ನು ಬೆರಳಿನಿಂದಲೇ ಬಿಡಿಸಿ ನಾರು ಮಾಡಬೇಕು. ಬೆಳಿಗ್ಗೆ ಅಜ್ಜಿಗೆ ತೂಗಿ ಕೊಟ್ಟ ಹಗ್ಗ ಎರಡು ಪೌಂಡು. ಸಂಜೆ ತಕ್ಕಡಿಗೆ ಬಂದ ನಾರು ಒಂದು ಪೌಂಡು ಹತ್ತು ಔನ್ಸು.

"ಆರು ಔನ್ಸು ಕಮ್ಮಿ. ನಿನ್ನ ಸಂಜೆ ಬ್ರೆಡ್ಡೂ ಆರೇ ಔನ್ಸು. ಅಲ್ಲಿಗಲ್ಲಿಗೆ ಸರಿಹೋಯ್ತು, ನಡಿ."

ಮೂರನೆಯ ಸಂಜೆಯೂ ಅಜ್ಜಿಗೆ ಬ್ರೆಡ್ಡಿಲ್ಲ. ಹಿಂದಿನ ಎರಡು ಸಂಜೆ ತನ್ನದರಲ್ಲಿ ಮುರಿದು ಕೊಡಲು ಹೋಗಿ ಪಕ್ಕದ ಜೆಮೈಮಾ ಬೆತ್ತದ ಏಟು ತಿಂದಿದ್ದಳು. ಇನ್ನೊಂದು ದಿನ ಹೀಗಾದರೆ ಮುದುಕಿ ಹಾಸಿಗೆಯಿಂದ ಏಳುವುದಿಲ್ಲವೆಂದು ಅವಳಿಗೆ ಗೊತ್ತಿತ್ತು.

"ಸ್ವಾಮಿ, ಬೆಳಿಗ್ಗೆ ಹಗ್ಗ ನೆಲಮಾಳಿಗೇಲಿ ನೀರು ಕುಡ್ಕೊಂಡು ಬಂದಿರ್ತದೆ. ಬಿಡಿಸ್ತಾ ಬಿಡಿಸ್ತಾ ಒಣಗ್ತದೆ. ನೀರು ತೂಗಿ ಕೊಟ್ಟು ನಾರು ತೂಗಿ ಇಸ್ಕೊಂಡ್ರೆ ಹೆಂಗೆ?"

"ಓಹೋ! ಪೌಂಡಿಗೆ ಎಷ್ಟು ಔನ್ಸು ಅಂತ ಗೊತ್ತೇನೇ ನಿಂಗೆ?"

"ಹದಿನಾರು. ಇಪ್ಪತ್ತು ವರ್ಷ ಸಂತೇಲಿ ಬೆಣ್ಣೆ ತೂಗಿದ್ದೀನಿ."

"ಅದಕ್ಕೇ ಇಲ್ಲಿಗೆ ಬಂದು ಬಿದ್ದಿದ್ದೀಯ! ಮುಚ್ಚು ಬಾಯಿ, ಇಲ್ದಿದ್ರೆ ನಿಂಗೂ ಇಲ್ಲ."

ಊಟದ ಮನೆಯಲ್ಲಿ ಎಂಬತ್ತು ಹೆಂಗಸರು ಸಾಲಾಗಿ ಕುಳಿತರು. ಪಾದ್ರಿಗಳು ಅನ್ನ ಕೊಟ್ಟ ದೇವರನ್ನು ಸ್ತುತಿಸಿದರು. ಅಜ್ಜಿಯೂ ಖಾಲಿ ತಟ್ಟೆಯ ಮುಂದೆ ಕೈಮುಗಿದು ಆಮೆನ್ ಎಂದಳು. ಜೆಮೈಮಾ ತನ್ನ ತುಂಡನ್ನು ಅಂಗೈಯಲ್ಲಿಟ್ಟು ಮೆಲ್ಲಗೆ ಆಡಿಸಿದಳು. ಬೆಣ್ಣೆ ತೂಗಿದ ಕೈಗೆ ತಿಳಿಯಿತು. ಎದ್ದು ನಿಂತಳು.

"ಪಾದ್ರಿಗಳೇ, ಹೋದ ವರ್ಷ ನೀವೇ ಓದಿ ಹೇಳಿದ್ರಲ್ಲ, ಆ ಗೋಡೇಲಿರೋ ಕಾಯ್ದೆ. ಇನ್ನೊಂದ್ಸಲ ಓದಿ."

ಪಾದ್ರಿಗಳು ಥರ್ಟಲ್‌ನ ಮುಖ ನೋಡಿದರು. ಆಮೇಲೆ ನೆಲ ನೋಡುತ್ತ ನುಡಿದರು: "ಕೇಳಿದವರ ಊಟವನ್ನು ಅವರ ಕಣ್ಣೆದುರಿಗೇ ತೂಗಿ ಕೊಡತಕ್ಕದ್ದು."

ಹಾಗೆ ಕೇಳಿದವರು ಮರುದಿನ ಕತ್ತಲಕೋಣೆ ಸೇರುತ್ತಿದ್ದರು. ಅದನ್ನು ಗೋಡೆಯ ಮೇಲೆ ಬರೆದಿರಲಿಲ್ಲ.

"ತೂಗಿ, ಸ್ವಾಮಿ."

ಥರ್ಟಲ್ ಹಲ್ಲು ಕಡಿಯುತ್ತ ಅವಳ ತುಂಡನ್ನು ತಕ್ಕಡಿಗೆ ಹಾಕಿದ. ಆರು ಔನ್ಸಿನ ಬಟ್ಟುಗಳು ಕೆಳಗೆ ಕೂತವು, ಬ್ರೆಡ್ಡು ಮೇಲೇರಿತು. ಒಂದು ಔನ್ಸು ತೆಗೆದ ಮೇಲೆ ಮುಳ್ಳು ನೆಟ್ಟಗಾಯಿತು.

"ಐದು," ಎಂದಳು ಜೆಮೈಮಾ. "ಎಂಬತ್ತು ಜನದ್ದು ಒಂದೊಂದು ಔನ್ಸು ಅಂದ್ರೆ ದಿನಾ ಐದು ಪೌಂಡು. ಈಗ ಯಾರ ಷರಾಯಿ ಒದರ್ಸೋಣ, ಸ್ವಾಮಿ?"

"ಕೂತ್ಕೊಳ್ಳೇ ಸೂಳೆ! ಕತ್ತಲಕೋಣೆಗೆ ಹಾಕ್ಸಿಬಿಡ್ತೀನಿ!"

ಬೆಂಚೊಂದು ಸರಿದ ಸದ್ದಾಯಿತು. "ನಂದೂ ತೂಗಿ." ಇನ್ನೊಂದು ಸರಿಯಿತು. ಯಾರೂ ಬ್ರೆಡ್ಡಿಗೆ ಬಾಯಿ ಹಚ್ಚಿರಲಿಲ್ಲ.

"ಎಂಬತ್ತು ಜನ ಹಿಡಿಸ್ತೀವಾ ನಿನ್ನ ಕೋಣೇಲಿ?" ಹಿಂದಿನಿಂದ ಯಾರೋ ನಕ್ಕರು.

ಹೆಪ್ಸಿಯಜ್ಜಿ ಮೇಜುಗಳ ಅಂಚು ಹಿಡಿದು ಹಿಡಿದು ಮುಂದೆ ಬಂದಳು. ತೂಗಲು ಅವಳ ಬಳಿ ಏನೂ ಇರಲಿಲ್ಲ. ಉಗುರು ಕಿತ್ತುಹೋದ ಕೈಯನ್ನು ತಕ್ಕಡಿಯ ತಟ್ಟೆಯಲ್ಲಿ ಅಂಗಾತ ಇಟ್ಟಳು.

"ನಂದೂ ತೂಗಪ್ಪ," ಎಂದಳು.