ಉಪವಾಸದ ರಕ್ತ

ರಕ್ತ ತೆಗೆಯುವ ರಘುನಾಥ ಗಾಜಿನ ಕೊಳವೆಯನ್ನು ಬೆಳಕಿಗೆ ಹಿಡಿದು, ಬೆಂಚಿನ ಮೇಲಿದ್ದ ಹತ್ತು ಜನಕ್ಕೂ ಕೇಳುವ ಹಾಗೆ ನಕ್ಕ.

"ನೋಡ್ರಿ, ರಕ್ತದ ಮೇಲೆ ನಿಂತಿರೋ ನೀರು ಮಜ್ಜಿಗೆ ಆಗೈತೆ. ಮೈಯಾಗೆ ಇಷ್ಟು ಕೊಬ್ಬು ಇಟ್ಕಂಡು ಉಪವಾಸ ಅಂತ ಸುಳ್ಳು ಬೇರೆ!"

ಚಿತ್ರದುರ್ಗದ ಆ ಲ್ಯಾಬಿನಲ್ಲಿ ಅನುಸೂಯ ಸೆರಗು ಎಳೆದುಕೊಂಡು ತಲೆ ತಗ್ಗಿಸಿದಳು. ಐದು ತಿಂಗಳ ಬಸುರಿ, ದಪ್ಪ ಮೈ. ಮೊದಲ ಕೂಸು ಏಳನೇ ತಿಂಗಳಲ್ಲಿ, ಬಿಪಿ ಏರಿ, ಹೊಟ್ಟೆಯಲ್ಲೇ ಹೋಗಿತ್ತು.

ಪಕ್ಕದಲ್ಲಿದ್ದ ಅತ್ತೆ ಜುಂಜಮ್ಮ ಎದ್ದು ನಿಂತಳು. ಅವರ ಊರು ತಾಳ್ಯದಲ್ಲಿ ಕೊಬ್ಬು ಅನ್ನುವುದು ಸೊಕ್ಕಿದವರಿಗೆ ಬೈಯುವ ಮಾತು. ಅದನ್ನು ತಲೆ ಎತ್ತಿ ಮಾತಾಡದ ತನ್ನ ಸೊಸೆಗೆ ಅಂದನಲ್ಲ ಈ ಬಡ್ಡಿಮಗ!

"ಯಾರಿಗ್ಲೇ ಕೊಬ್ಬು? ಬಾಯಿ ಐತೆ ಅಂತ ಏನು ಬೇಕಾದ್ರೂ ಅಂತೀಯಾ?"

ಗಲಾಟೆ ಕೇಳಿ ಡಾಕ್ಟರ್ ಮೀನಾಕ್ಷಿ ಒಳಗಿನಿಂದ ಬಂದರು. "ಬೆಳಿಗ್ಗೆ ಇವರಿಗೆ ಏನು ಕೊಟ್ಟಿದ್ರಿ, ಅಮ್ಮ?"

"ಅನ್ನ, ಮುದ್ದೆ ಮುಟ್ಟಿಸಿಲ್ಲ ಕಣವ್ವ. ಉಪವಾಸದ್ದೇ ಕೊಟ್ಟೀನಿ. ಹಾಲು ಬೆಲ್ಲದಾಗೆ ನೆನೆಸಿದ ಅವಲಕ್ಕಿ, ಎರಡು ಬಾಳೆಹಣ್ಣು, ಮೇಲೆ ತುಪ್ಪ ಹಾಕಿ ಒಂದು ಲೋಟ ಹಾಲು."

ಬೆಂಚಿನ ಮೇಲಿದ್ದವರು ಗೊಳ್ಳೆಂದರು. ಜುಂಜಮ್ಮ ಅವರ ಕಡೆ ತಿರುಗಿದಳು.

"ಯಾಕ್ ಹಲ್ ಕಿಸೀತೀರಿ? ನಿಮ್ ಮನ್ಯಾಗೆ ಶನಿವಾರದ ಉಪವಾಸಕ್ಕೆ ಗಾಳಿ ಕುಡೀತಾರಾ? ನಿನ್ನೆ ಇವ್ನು ಉಪವಾಸ ಇದ್ದು ಬರ್ರಿ ಅಂದ. ಇದ್ದು ಬಂದೀವಿ. ನೀರು ಬಿಟ್ಟು ಏನೂ ಮುಟ್ಟಬ್ಯಾಡ್ರಿ ಅನ್ನಾಕೆ ಇವ್ನ ನಾಲಿಗೆ ಬಿದ್ದೋಗಿತ್ತಾ?"

ನಗು ನಿಂತಿತು. ಮೀನಾಕ್ಷಿ ರಘುನಾಥನನ್ನು ನೋಡಿದರು. ಅವನು ಕೊಳವೆಯನ್ನು ಕೆಳಗಿಟ್ಟ.

"ಅವರು ಹೇಳೋದು ಸರಿ," ಅಂದರು ಮೀನಾಕ್ಷಿ. "ಈ ರಿಪೋರ್ಟ್ ನಡೆಯಲ್ಲ. ನಾಳೆ ಬರೀ ನೀರು ಕುಡಿದು ಬನ್ನಿ."

ಬಸ್‌ ಸ್ಟ್ಯಾಂಡಿನಲ್ಲಿ ಅನುಸೂಯ ಬಾಯಿ ಬಿಟ್ಟಳು. "ನಾನು ಬರಲ್ಲ ಅತ್ತೆ. ತೂಕದ ಮಿಷನ್ ಹತ್ತಿಸಿ ನಗ್ತಾರೆ, ತೋಳಿಗೆ ಬಿಪಿ ಪಟ್ಟಿ ಸಾಲಲ್ಲ ಅಂತ ನಗ್ತಾರೆ. ಇವತ್ತು ರಕ್ತ ತೋರಿಸಿ ನಕ್ರು."

"ನಗ್ಲಿ ಬಿಡು, ಅವ್ರ ಹಲ್ಲು ಉದುರಿ ಹೋಗ್ಲಿ. ನೀನು ಬರ್ದಿದ್ರೆ ನಷ್ಟ ಅವ್ರಿಗೇನೂ ಇಲ್ಲ. ಹೋದ ಸಲ ಬರಿಗೈಯಾಗೆ ಮನೆಗೆ ಬಂದವಳು ನೀನು."

ಅಂದ ಮೇಲೆ ಜುಂಜಮ್ಮ ಸೊಸೆಯ ಕೈಚೀಲವನ್ನೂ ತಾನೇ ಹೊತ್ತು ಬಸ್ಸು ಹತ್ತಿದಳು. ಮರುದಿನ ಮೊದಲ ಬಸ್ಸಿಗೆ ಅನುಸೂಯಳೇ ಮುಂದಾಗಿ ಹೊರಟು ನಿಂತಿದ್ದಳು. ಲ್ಯಾಬಿನಲ್ಲಿ ರಘುನಾಥ ಸೂಜಿ ಹಿಡಿದು ಬಂದಾಗ ಅವನ ಮುಖ ನೋಡದೆ ತೋಳು ಚಾಚಿದಳು.

ಮಧ್ಯಾಹ್ನ ಮೀನಾಕ್ಷಿ ಹೊಸ ರಿಪೋರ್ಟನ್ನು ಮೇಜಿನ ಮೇಲೆ ಹರಡಿದರು.

"ಕೊಬ್ಬು ನಿನ್ನೆಗಿಂತ ಕಮ್ಮಿ ಬಂದಿದೆ. ಆದರೂ ಜಾಸ್ತೀನೇ. ಬಸುರಿನಲ್ಲಿ ರಕ್ತದಲ್ಲಿರೋ ಕೊಬ್ಬು ಎಲ್ಲರಿಗೂ ಏರುತ್ತೆ. ಇವರಿಗೆ ಏರಬೇಕಾದ್ದಕ್ಕಿಂತ ಹೆಚ್ಚು ಏರಿದೆ, ಸಕ್ಕರೆನೂ ಗಡಿ ದಾಟಿದೆ. ಹೀಗಿದ್ದವರಿಗೆ ಬಿಪಿ ಏರೋ ಭಯ ಹೆಚ್ಚು. ಮುಂದೆ ಹೃದಯಕ್ಕೂ ತೊಂದರೆ ಆಗಬಹುದು. ಈಗಲೇ ತಿಳಿದಿದ್ದು ಒಳ್ಳೇದಾಯ್ತು. ಊಟ ಬದಲಾಯಿಸೋಣ, ಬಿಪಿ ನೋಡ್ತಾ ಇರೋಣ."

ಜುಂಜಮ್ಮ ಕೂತಿದ್ದ ಕುರ್ಚಿ ಕಿರ್ ಎಂದು ಹಿಂದೆ ಸರಿಯಿತು.

"ಹಂಗಾರೆ ಹೋದ ಸಲ ಈ ರಕ್ತ ಯಾಕೆ ನೋಡ್ಲಿಲ್ಲ?"

"ಆಗ ನೀವು ತೋರಿಸಿದ್ದು ಬೇರೆ ಕಡೆ, ಅಮ್ಮ."

"ಎಲ್ಲಾದ್ರೂ ತೋರಿಸಿರ್ಲಿ! ಏಳು ತಿಂಗಳು ತಿರುಗಾಡೀವಿ. ದಪ್ಪ ಅಂದ್ರು. ತಿನ್ನೋದು ಕಮ್ಮಿ ಮಾಡು ಅಂದ್ರು. ಕಂಡಕಂಡವರೆಲ್ಲ ಇವಳ ಮೈ ನೋಡಿದ್ರು. ರಕ್ತ ನೋಡಾಣ ಅಂತ ಒಬ್ರಿಗೂ ಅನ್ನಿಸ್ಲಿಲ್ವಾ? ನನ್ನ ಮೊಮ್ಮಗು ಹೋಯ್ತಲ್ಲ!"

ಡಾಕ್ಟರಮ್ಮ ಹಾಳೆಯ ಅಂಚನ್ನು ಸುಮ್ಮನೆ ಸರಿ ಮಾಡಿದರು. ಹೊರಗೆ ಕಾಯುತ್ತಿದ್ದ ಬಸುರಿಯರು ಬಾಗಿಲ ಸಂದಿಯಿಂದ ಇಣುಕುತ್ತಿದ್ದರು.

ಅನುಸೂಯ ಅತ್ತೆಯ ಕೈ ಹಿಡಿದು ಕೂರಿಸಿದಳು. ಆಮೇಲೆ ರಿಪೋರ್ಟನ್ನು ತನ್ನ ಕಡೆ ಎಳೆದುಕೊಂಡು ಕೇಳಿದಳು:

"ಇದ್ರಾಗೆ ಯಾವುದು ಎಷ್ಟು ಇರ್ಬೇಕಿತ್ತು, ನನಗೆ ಎಷ್ಟೈತೆ, ಒಂದೊಂದೇ ಹೇಳ್ರಿ ಮೇಡಂ."